ಗ್ವಿನೆಟ್‌ಗೆ ಮನೆ ಬದಲಿಸುವವರಿಗೆ

ಎಲ್ಲರಿಗೂ ನಮಸ್ಕಾರ. "ಗ್ವಿನೆಟ್ ಕೌಂಟಿಯಲ್ಲಿ ಎಂಥ ಜನ ಇದ್ದಾರೆ?" ಅಂತ ಹೊಸಬರು ಕೇಳ್ತಾನೇ ಇದ್ದೀರಿ. ಒಂದೇ ಸಲ ಬರೆದು ಪಿನ್ ಮಾಡಿದ್ದೇನೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಈಶಾನ್ಯಕ್ಕಿರುವ ಈ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) 1970ರಲ್ಲಿ ಇದ್ದದ್ದು ಸುಮಾರು 72 ಸಾವಿರ ಜನ. 2020ರ ಜನಗಣತಿಯಲ್ಲಿ 9,57,062! 1990ರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬಿಳಿಯರು, 2020ರ ಹೊತ್ತಿಗೆ ಮೂರರಲ್ಲಿ ಒಬ್ಬರು. ಕಪ್ಪು ಜನರು ಕಾಲು ಭಾಗಕ್ಕಿಂತ ತುಸು ಜಾಸ್ತಿ, ಹಿಸ್ಪಾನಿಕ್ ಜನ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು) ಕಾಲು ಭಾಗಕ್ಕಿಂತ ತುಸು ಕಮ್ಮಿ, ಏಷ್ಯನ್ನರು ಶೇ. 13ರಷ್ಟು. ಯಾರೂ ಬಹುಸಂಖ್ಯಾತರಲ್ಲ. ಇದೇ ಕೌಂಟಿಯ ಡುಲೂತ್ ಊರಿನ ಕಡೆ ಹೋದರೆ ಸಾಲುಸಾಲು ಕೊರಿಯನ್ ಬೋರ್ಡುಗಳು. ಮತಪತ್ರ ಸ್ಪ್ಯಾನಿಷ್‌ನಲ್ಲೂ ಸಿಗುತ್ತದೆ. ನಾವು ಕನ್ನಡದವರು ಲೆಕ್ಕಕ್ಕೆ ಸಿಗುವಷ್ಟಿಲ್ಲ ಬಿಡಿ, ಸುಮ್ನೆ "ಏಷ್ಯನ್" ಖಾನೆಯಲ್ಲಿ ಕರಗಿಹೋಗುತ್ತೇವೆ.

ಶಾಲೆ, ಬಾಡಿಗೆ ವಿಚಾರ ಇಲ್ಲೇ ಕೇಳಿ. ರಾತ್ರಿ ಹನ್ನೊಂದಕ್ಕೆ ಫೋನ್ ಬೇಡ, ದಯವಿಟ್ಟು.