ಅವೆಂಜರ್ ಕೊಂಡ ಗೆಳೆಯನಿಗೆ

ಏ ಮಹಾರಾಯ,

ಹೊಸದಾಗಿ ಕೊಂಡ ಹಳೇ ಬಜಾಜ್ ಅವೆಂಜರ್ ಬೈಕಿಗೆ ಏನೇನು ಹಾಕಿಸಬೇಕು ಅನ್ನೋ ನಿನ್ನ ಪಟ್ಟಿ ಬಂತು. ಆರ್‌ಸಿ ಇನ್ನೂ ನಿನ್ನ ಹೆಸರಿಗಾಗಿಲ್ಲ, ಅರ್ಜಿ ಆರ್‌ಟಿಒದಲ್ಲಿ ಕೂತಿದೆ. ಅಷ್ಟರಲ್ಲೇ ಸೈಲೆನ್ಸರ್, 150ರ ಟೈರು, ಎತ್ತರದ ಹ್ಯಾಂಡಲ್ಲು, ನಾಲ್ಕು ಫಾಗ್ ಲ್ಯಾಂಪು, ಕತ್ತರಿಸಿದ ಮಡ್‌ಗಾರ್ಡು, ಸಿಂಗಲ್ ಸೀಟು! ಗಾಡಿ ಸಿಂಗರಿಸೋ ಹುಚ್ಚಿನ ದೆವ್ವ ನಿನ್ನ ಮೈಮೇಲೆ ಬಂದಿದೆ, ಅನುಮಾನವೇ ಇಲ್ಲ. ಫೋನಿನಲ್ಲಿ ಹೇಳಿದರೆ ಹೂಂಗುಟ್ಟಿ ಮಾರನೇ ದಿನವೇ ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗೆ ಹೋಗೋ ಜಾತಿ ನಿಂದು. ಅದಕ್ಕೇ ನಾಲ್ಕು ಜನರ ಎದುರಿಗೆ ಬರೀತಿದ್ದೀನಿ, ಸಾಕ್ಷಿ ಇರಲಿ. ಹಳೇ ಕ್ರೂಸರ್ (ಕಾಲು ಮುಂದೆ ಚಾಚಿ ಕೂರೋ ಬೈಕು) ಮೇಲೆ ಕಣ್ಣು ಹಾಕಿರೋ ಉಳಿದವರೂ ಓದಿಕೊಳ್ಳಿ, ಹಣ ಉಳಿಯುತ್ತೆ.

ಮೊದಲು ಗಾಡಿಯ ಯೋಗ್ಯತೆ ತಿಳಿದುಕೋ. 2001ರ ಸುಮಾರಿಗೆ ಬಂದ ಕವಾಸಾಕಿ ಬಜಾಜ್ ಎಲಿಮಿನೇಟರ್‌ನ ಮೊಮ್ಮಗ ಇದು. 2005ರಲ್ಲಿ ಅವೆಂಜರ್ ಅಂತ ಹೆಸರಾಯ್ತು, 180 ಸಿಸಿ ಇದ್ದದ್ದು 200 ಆಯ್ತು, 2010ಕ್ಕೆ 220. ನೀನು ತಗೊಂಡಿರೋ ಕ್ರೂಸ್ 2015ರ ಕೊನೆಯಲ್ಲಿ ಬಂದ ಅವತಾರ. ಒಳಗಿರೋದು ಪಲ್ಸರ್ 220ಯ ಎಂಜಿನ್ನೇ, ಒಂದೇ ಸಿಲಿಂಡರು, ಎರಡು ಪ್ಲಗ್ಗು, ಮುಂದೊಂದು ಆಯಿಲ್ ಕೂಲರು. ಪಲ್ಸರ್‌ನಲ್ಲಿ 21 ಎಚ್‌ಪಿ ಕೊಡೋದನ್ನ ಇಲ್ಲಿ 19ಕ್ಕೆ ಇಳಿಸಿ ಮೆತ್ತಗೆ ಮಾಡಿದ್ದಾರೆ. ನೂರರ ಮೇಲೆ ಓಡಿಸೋ ಗಾಡಿ ಅಲ್ಲ. ಎಪ್ಪತ್ತರಲ್ಲಿ ಇಡೀ ದಿನ ಓಡುತ್ತೆ, ಬಿಡಿಭಾಗ ಹೋಬಳಿ ಮಟ್ಟದ ಅಂಗಡಿಯಲ್ಲೂ ಸಿಗುತ್ತೆ. ಇದಕ್ಕಿಂತ ಹೆಚ್ಚು ಕೇಳಬೇಡ ಅದನ್ನ.

ಸೈಲೆನ್ಸರ್ ವಿಷಯ ಮುಗಿಸಿಬಿಡ್ತೀನಿ. ನಿನ್ನದು ಕಾರ್ಬುರೇಟರ್ ಗಾಡಿ, 2020ರ ಬಿಎಸ್-6 ಹೊಗೆ ನಿಯಮದ ನಂತರದ್ದು ಮಾತ್ರ ಎಫ್‌ಐ, ಅಂದರೆ ಪೆಟ್ರೋಲನ್ನ ಅಳೆದು ಚಿಮ್ಮಿಸೋದು. ಕಂಪನಿ ಸೈಲೆನ್ಸರ್ ಬಿಚ್ಚಿ ಖಾಲಿ ಕೊಳವೆ ಹಾಕಿದರೆ ಹೊಗೆ ಸಲೀಸಾಗಿ ಹೊರಗೆ ಹೋಗುತ್ತೆ, ನಿಜ. ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡೋ ತೂತು, ಅಂದರೆ ಜೆಟ್, ಹಳೇದೇ ಇರುತ್ತಲ್ಲ, ಗಾಳಿ ಜಾಸ್ತಿ ಆಗಿ ಪೆಟ್ರೋಲು ಸಾಲದೆ ಮಿಶ್ರಣ ತೆಳುವಾಗುತ್ತೆ. ಪ್ಲಗ್ಗು ಬಿಚ್ಚಿ ನೋಡಿದರೆ ಕಾಫಿ ಬಣ್ಣ ಇರಬೇಕಾದ್ದು ಬೆಳ್ಳಗೆ ಕಾಣುತ್ತೆ. ಎಂಜಿನ್ ವಿಪರೀತ ಬಿಸಿಯಾಗುತ್ತೆ. ಆಕ್ಸಿಲೇಟರ್ ಬಿಟ್ಟಾಗಲೆಲ್ಲ ಪಟಪಟ ಸಿಡಿಯುತ್ತೆ. ಹುಡುಗರು ಅದನ್ನೇ 'ಬೀಟ್' ಅಂತಾರೆ, ಪಾಪ. ಸರಿ ಮಾಡಬೇಕಂದರೆ ಮೇನ್ ಜೆಟ್ ಒಂದು ಸೈಜ್ ಮೇಲಕ್ಕೆ ಹೋಗಬೇಕು, ಪೈಲಟ್ ಸ್ಕ್ರೂ ಮತ್ತೆ ಹೊಂದಿಸಬೇಕು. ಅಷ್ಟೆಲ್ಲ ಮಾಡಿದರೂ ಎರಡನೇ ಗೇರಿನಲ್ಲಿ ಘಾಟಿ ಹತ್ತುವಾಗ ಬೇಕಾಗೋ ಎಳೆತವೇ ಕಮ್ಮಿ ಆಗಿರುತ್ತೆ. ಇದರ ಮೇಲೆ ಮೋಟಾರು ವಾಹನ ಕಾಯ್ದೆ ಬೇರೆ. 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ದಂಡ ಒಂದೊಂದು ಬದಲಾವಣೆಗೆ 5,000 ರೂಪಾಯಿ, ಆರು ತಿಂಗಳ ತನಕ ಜೈಲೂ ಆಗಬಹುದು. ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನ ನಮ್ಮ ಪೊಲೀಸರು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸೋ ವಿಡಿಯೋ ನೀನೇ ನನಗೆ ಕಳಿಸಿದ್ದು. ನಿನ್ನ ಪಟ್ಟಿಯನ್ನ ಐದು ಸಾವಿರದಿಂದ ಗುಣಿಸಿ ನೋಡು.

150ರ ಟೈರು? ಹಿಂದಿನ ಚಕ್ರಕ್ಕೆ ಕಂಪನಿ ಕೊಟ್ಟಿರೋದು 130/90-15. ಆ ರಿಮ್ಮಿಗೆ ಅದೇ ಸರಿ. ಅದೇ ರಿಮ್ಮಿಗೆ ಅಗಲದ ಟೈರು ತುರುಕಿದರೆ ಅಂಚುಗಳು ಒಳಗೆ ಎಳೆದುಕೊಂಡು ನೆತ್ತಿ ಗುಂಡಗಾಗುತ್ತೆ. ಕಣ್ಣಿಗೆ ಅಗಲ ಕಾಣೋ ಟೈರು ನೆಲಕ್ಕೆ ತಾಗೋದು ಮಾತ್ರ ನಡುವಿನ ಒಂದು ಪಟ್ಟಿಯಷ್ಟೇ. ಒಂದು ಪಕ್ಕ ಚೈನಿಗೆ ಹತ್ತಿರ ಬರುತ್ತೆ, ಭಾರ ಹಾಕಿದಾಗ ಮಡ್‌ಗಾರ್ಡಿಗೆ ಉಜ್ಜುತ್ತೆ. ಆ ಹಣಕ್ಕೆ ಎರಡೂ ಚಕ್ರಕ್ಕೆ ಒಳ್ಳೇ ಟೈರು, ಹೊಸ ಟ್ಯೂಬು ಹಾಕಿಸು. ಕ್ರೂಸ್‌ಗೆ ಇರೋದು ಸ್ಪೋಕ್ ಚಕ್ರ, ಹಾಗಾಗಿ ಟ್ಯೂಬ್‌ಲೆಸ್ ಕನಸು ಬಿಡು. ಪಂಚರ್ ಆದರೆ ಚಕ್ರ ಬಿಚ್ಚಲೇಬೇಕು. ಹಿಂದಿನ ಆಕ್ಸೆಲ್ ನಟ್ಟಿನ ಅಳತೆಯ ಪಾನಾ ಬ್ಯಾಗಿನಲ್ಲಿ ಸದಾ ಇರಲಿ. ಸ್ಪೋಕುಗಳನ್ನ ಆಗಾಗ ಪಾನಾದಿಂದ ತಟ್ಟಿ ನೋಡು, ಎಲ್ಲ ಒಂದೇ ಸ್ವರ ಕೊಡಬೇಕು. ಮಂಕಾಗಿ ಕೇಳಿಸಿದ್ದು ಸಡಿಲ ಆಗಿದೆ ಅಂತ.

ಹ್ಯಾಂಡಲ್ಲಿನಲ್ಲಿ ಮಾತ್ರ ನಿನ್ನ ಆಸೆಗೆ ಅರ್ಥ ಇದೆ. ಕ್ರೂಸ್‌ನದು ಮೊದಲೇ ಎತ್ತರ, ಹಿಂದಕ್ಕೆ ಬಾಗಿದ್ದು. ಇನ್ನೂ ಎತ್ತರಿಸಿದರೆ ಎದೆಗೆ ಗಾಳಿ ಹಾಯುಪಟಕ್ಕೆ ಹೊಡೆದ ಹಾಗೆ ಹೊಡೆಯುತ್ತೆ, ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟುತ್ತೆ. ನಿನ್ನ ಹೆಗಲಿಗೆ ಎತ್ತರ ಬೇಡ, ಒಂದೆರಡು ಇಂಚು ಹತ್ತಿರ ಬಂದರೆ ಸಾಕು. ಮೊದಲು ಕ್ಲಾಂಪಿನ ನಾಲ್ಕು ಬೋಲ್ಟು ಸಡಿಲಿಸಿ ಇರೋ ಬಾರನ್ನೇ (ಹ್ಯಾಂಡಲ್ಲಿನ ಕೊಳವೆ) ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡು, ಖರ್ಚು ಸೊನ್ನೆ. ಅದಕ್ಕೂ ಸಮಾಧಾನ ಆಗದಿದ್ದರೆ ಬೇರೆ ಬಾರು. ಹಿಡಿ ಕೂರೋ ಕಡೆ ದಪ್ಪ 22 ಮಿಮೀ ಇರಬೇಕು. ಇಲ್ಲಿ ಎಲ್ಲರೂ ಎಡವೋದು ಸ್ವಿಚ್ ಡಬ್ಬಿಯ ಒಳಗಿನ ಪುಟ್ಟ ಗೂಟದಲ್ಲಿ. ಡಬ್ಬಿ ತಿರುಗದೆ ಇರಲಿ ಅಂತ ಬಾರಿನ ತೂತಿಗೆ ಕೂರೋ ಗೂಟ ಅದು. ಹೊಸ ಬಾರಿನಲ್ಲಿ ತೂತು ಇರಲ್ಲ, ಮೆಕ್ಯಾನಿಕ್ ಸುಲಭ ನೋಡಿ ಗೂಟವನ್ನೇ ಅರದಿಂದ ಉಜ್ಜಿಹಾಕ್ತಾನೆ. ಆಮೇಲೆ ಆಕ್ಸಿಲೇಟರ್ ತಿರುಗಿಸಿದಾಗಲೆಲ್ಲ ಡಬ್ಬಿಯೂ ಜೊತೆಗೆ ತಿರುಗುತ್ತೆ. ಹತ್ತಿರ ನಿಂತುಕೊಂಡು ಬಾರಿಗೇ ತೂತು ಕೊರೆಸು. ಮೊದಲು ಡಬ್ಬಿ ಇಟ್ಟು ಗುರುತು ಹಾಕಿಸು, ಕೊರೆದ ಅಂಚು ನಯ ಮಾಡಿಸು.

ಬಾರು ಬದಲಾದರೆ ಕ್ಲಚ್ ವೈರು, ಆಕ್ಸಿಲೇಟರ್ ವೈರು, ಮುಂದಿನ ಬ್ರೇಕಿನ ದ್ರವ ಹೋಗೋ ಹೋಸು ಮೂರನ್ನೂ ಪರೀಕ್ಷಿಸು. ಹ್ಯಾಂಡಲ್ಲನ್ನ ಎಡಕ್ಕೆ ಕೊನೆ ತನಕ, ಬಲಕ್ಕೆ ಕೊನೆ ತನಕ ತಿರುಗಿಸು, ಎಲ್ಲೂ ಬಿಗಿಯಬಾರದು. ಗಾಡಿಯನ್ನ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಮತ್ತೆ ಅದೇ ಕಸರತ್ತು. ತಿರುಗಿಸುವಾಗ ಎಂಜಿನ್ ಸದ್ದು ಏರಿತು ಅಂದರೆ ವೈರು ಎಳೆದುಕೊಳ್ತಿದೆ ಅಂತ. ಯು-ಟರ್ನ್ ನಡುವೆ ಗಾಡಿ ತಾನೇ ಮುಂದೆ ನುಗ್ಗುತ್ತೆ, ಹುಷಾರು. ಕ್ಲಚ್ ಲಿವರಿನ ಬುಡದಲ್ಲಿ ಎರಡು ಮೂರು ಮಿಮೀ ಆಟ, ಅಂದರೆ ಸಡಿಲು, ಇರಬೇಕು. ಬ್ರೇಕ್ ಹೋಸು ಬದಲಾಯಿಸಿದರೆ ಎರಡು ಪಕ್ಕದ ತಾಮ್ರದ ವಾಷರ್‌ಗಳೂ ಹೊಸದೇ ಆಗಬೇಕು, ಒಮ್ಮೆ ಒತ್ತಿಹೋದದ್ದು ಮತ್ತೆ ಸೀಲ್ ಆಗಲ್ಲ. ಡಾಟ್-4 ಬ್ರೇಕ್ ದ್ರವ ಹಾಕಿ ಗುಳ್ಳೆ ಪೂರ್ತಿ ಹೋಗೋ ತನಕ ಬ್ಲೀಡ್ ಮಾಡಿಸು. ಅದು ಟ್ಯಾಂಕಿನ ಮೇಲೆ ತೊಟ್ಟಿಕ್ಕಿದರೆ ಬಣ್ಣ ತಿನ್ನುತ್ತೆ, ಹಳೇ ಟವಲ್ ಹೊದಿಸು. ಹೇಗೂ ಮುಂಭಾಗ ಬಿಚ್ಚಿದ್ದಾಗ ಹ್ಯಾಂಡಲ್ ತಿರುಗೋ ಬೇರಿಂಗಿಗೂ (ಕೋನ್ ಸೆಟ್) ಗ್ರೀಸು ಹಾಕಿಸಿಬಿಡು.

ಫಾಗ್ ಲ್ಯಾಂಪು ನಾಲ್ಕಲ್ಲ, ಎರಡು. 20 ವ್ಯಾಟಿನ ಎರಡು ಎಲ್‌ಇಡಿ ಅಂದರೆ ಒಟ್ಟು 40 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್. ಬ್ಯಾಟರಿಯಿಂದ ನೇರ ಒಂದು ವೈರು, ಬ್ಯಾಟರಿ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸು, ಆಮೇಲೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಬಿಡೋ ಸ್ವಿಚ್ಚು. ರಿಲೇ ಎಬ್ಬಿಸೋ ಸಣ್ಣ ವೈರನ್ನ ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ಕಡೆಯಿಂದ ತಗೋ, ಇಲ್ಲದಿದ್ದರೆ ಯಾರೋ ಸ್ವಿಚ್ ಒತ್ತಿ ಹೋದರೆ ಬೆಳಗ್ಗೆ ಸೆಲ್ಫ್ ಎತ್ತಲ್ಲ, ಇದರಲ್ಲಿ ಕಿಕ್ಕರ್ ಕೂಡ ಇಲ್ಲ. ಹೆಡ್‌ಲೈಟಿನ ವೈರು ಕೊಯ್ದು ಅಲ್ಲೇ ಸುತ್ತಿ ಟೇಪ್ ಅಂಟಿಸೋ ಅಂಗಡಿಯವನ ಕೈಗೆ ಗಾಡಿ ಕೊಡಬೇಡ. ಹೆಡ್‌ಲೈಟ್ ಡೂಮಿಗೇ ಎಲ್‌ಇಡಿ ಬಲ್ಬು ತುರುಕೋದೂ ಬೇಡ. ಆ ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟಿನ ಜಾಗಕ್ಕೆ ಸರಿಯಾಗಿ. ಎಲ್‌ಇಡಿ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣಿಗೆ ಹೋಗುತ್ತೆ, ನಿನಗೆ ರಸ್ತೆ ಕಾಣಲ್ಲ.

ಈಗ ಸಿಂಗಲ್ ಸೀಟು, ಕತ್ತರಿಸಿದ ಮಡ್‌ಗಾರ್ಡು. ಎರಡೂ ಒಂದೇ ಕಾಯಿಲೆ. ಮಡ್‌ಗಾರ್ಡು ಕತ್ತರಿಸಿದರೆ ಮಳೆಗಾಲದಲ್ಲಿ ಬೆನ್ನ ತುಂಬ ಕೆಸರಿನ ಗೆರೆ, ನಂಬರ್ ಪ್ಲೇಟಿಗೂ ಹಿಂದಿನ ಲೈಟಿಗೂ ಜಾಗ ಹುಡುಕೋ ತಲೆನೋವು. ಅದು ಹಾಳಾಗಲಿ, ಸೀಟಿನ ಕೆಲಸ ಹೇಳ್ತೀನಿ ಕೇಳು. ಈ ಗಾಡಿಯಲ್ಲಿ ಕಾಲು ಮುಂದಿರುತ್ತೆ. ಗುಂಡಿ ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲೋಕೆ ಆಗಲ್ಲ, ಪೆಟ್ಟೆಲ್ಲ ನೇರ ಬಾಲದ ಮೂಳೆಗೆ. ಎಲ್ಲರೂ ಮಾಡೋದು ಮೆತ್ತನೆ ಫೋಮು ಹಾಕಿಸೋದು. ತಪ್ಪು. ಮೆತ್ತನೆಯದು ಹತ್ತು ನಿಮಿಷದಲ್ಲಿ ಕುಗ್ಗಿ ನೀನು ಸೀಟಿನ ತಳದ ಮೇಲೇ ಕೂತಿರ್ತೀಯ. ಅಡಿಗೆ ಗಟ್ಟಿ ರೀಬಾಂಡೆಡ್ ಫೋಮು (ಚೂರುಗಳನ್ನ ಒತ್ತಿ ಮಾಡಿದ್ದು), ಮೇಲೆ ಬೆರಳು ದಪ್ಪ 40 ಡೆನ್ಸಿಟಿಯದು. ಬಾಲದ ಮೂಳೆ ಬರೋ ಜಾಗದಲ್ಲಿ ಅಂಗೈಯಷ್ಟು ಹಳ್ಳ ತೆಗೆಸು. ಕೂರೋ ಜಾಗದ ಮೇಲೆ ಹೊಲಿಗೆ ಬರದ ಹಾಗೆ ರೆಕ್ಸಿನ್ ಕತ್ತರಿಸೋಕೆ ಹೇಳು, ಹೊಲಿಗೆಯಲ್ಲಿ ನೀರಿಳಿದರೆ ಫೋಮು ಎರಡು ದಿನ ಒಣಗಲ್ಲ.

ಇದರ ಜೊತೆಗೇ ಹಿಂದಿನ ಶಾಕಪ್. ಸ್ಪ್ರಿಂಗ್ ಬಿಗಿ ಮಾಡೋಕೆ ಐದು ಮೆಟ್ಟಿಲು ಇದೆ. ಒಬ್ಬನೇ ಓಡಾಡೋನಾದರೆ ಮೊದಲನೇದು ಇಲ್ಲ ಎರಡನೇದು, ಹಿಂದೆ ಒಬ್ಬರು ಕೂತರೆ ನಾಲ್ಕು, ಎಡ ಬಲ ಎರಡೂ ಒಂದೇ ಮೆಟ್ಟಿಲಲ್ಲಿ. ಹಿಂದಿನ ಟೈರಿನ ಗಾಳಿಯೂ ಹಾಗೇ, ಒಬ್ಬನಿಗೆ 28 ಪಿಎಸ್‌ಐ, ಇಬ್ಬರಿಗೆ 32. ಇಬ್ಬರ ಲೆಕ್ಕಕ್ಕೆ ಬಿಗಿದಿಟ್ಟು ಒಬ್ಬನೇ ಕೂತರೆ ಪ್ರತಿ ರೋಡ್ ಹಂಪೂ ಬೆನ್ನಿಗೆ ಗುದ್ದುತ್ತೆ.

ಇದನ್ನ ಬರೆಯುವಾಗಲೇ ಒಂದು ವಿಷಯ ಚುಚ್ಚಿತು. ಅವೆಂಜರ್‌ನ ಹಿಂಭಾಗ ಗಟ್ಟಿ, ಅದು ಗಾಡಿಯ ಹುಟ್ಟುಗುಣ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಲ್ಲ? ನನ್ನ ಗಾಡಿಯ ಶಾಕಪ್ ಈಗಲೂ ನಾಲ್ಕನೇ ಮೆಟ್ಟಿಲಲ್ಲಿದೆ. ಗಾಳಿ 32. ಸೀಟಿನವನು ರೆಕ್ಸಿನ್ ಬಿಚ್ಚಿದಾಗ ನನ್ನ ಕಡೆ ಫೋಮು ತಟ್ಟೆ ಆಗಿತ್ತು. ಹಿಂದಿನ ಸೀಟಿನದು ಶೋರೂಮಿಂದ ಬಂದ ಹಾಗೇ ಉಬ್ಬಿಕೊಂಡಿತ್ತು. 'ಇದು ಬದಲಾಯಿಸೋದು ಬೇಡ ಸಾರ್, ಹೊಸದೇ ಇದೆ' ಅಂದ. ಆ ಸೀಟು ಯಾರಿಗೆ ಅಂತ ನಿನಗೆ ಗೊತ್ತು, ಓದುವ ಉಳಿದವರಿಗೆ ಬೇಡ. ಜಗಳ ಏನೂ ಆಗಿಲ್ಲ. ಕಾರು ಬಂತು, ಮಂಡಿನೋವು ಬಂತು, ಭಾನುವಾರಕ್ಕೆ ಬೇರೆ ಬೇರೆ ಕೆಲಸ ಬಂತು. ಬರ್ತೀಯಾ ಅಂತ ಕೇಳೋದನ್ನ ನಾನು ನಿಲ್ಲಿಸಿದೆ. ಬೇಡ ಅಂದರೆ ಬೇಜಾರಾಗುತ್ತೆ ಅಂತ ನಿಲ್ಲಿಸಿದ್ದಾದರೆ ಪರವಾಗಿರಲಿಲ್ಲ. ಬರ್ತೀನಿ ಅಂದುಬಿಟ್ಟರೆ ಸಕಲೇಶಪುರದ ತನಕ ಏನು ಮಾತಾಡೋದು ಅನ್ನೋ ಅಳುಕು. ಬ್ಯಾಕ್‌ರೆಸ್ಟಿಗೆ ವಾರಕ್ಕೊಮ್ಮೆ ಕ್ರೋಮ್ ಪಾಲಿಷ್ ಮಾತ್ರ ತಪ್ಪಿಲ್ಲ. ನಿನ್ನ ಪಟ್ಟಿಯಲ್ಲಿ 'ಸಿಂಗಲ್ ಸೀಟು' ಅಂತ ನೋಡಿದಾಗ ನನಗೆ ಬಂದ ಸಿಟ್ಟು ಮಡ್‌ಗಾರ್ಡಿಗಾಗಿ ಬಂದದ್ದಲ್ಲ.

ಸರಿ, ಸಾಕು. ಕ್ರೂಸರ್ ಅಂದ ಮೇಲೆ ತತ್ತ್ವಜ್ಞಾನ ಫ್ರೀ ಆಕ್ಸೆಸರಿ, ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿರುತ್ತೆ. ಇದನ್ನ ಮನೆಯಲ್ಲಿ ಓದಿದರೆ ರಾತ್ರಿ ಊಟಕ್ಕೆ ಕತ್ತರಿ ಬೀಳುತ್ತೆ, ನೀನೇ ಜವಾಬ್ದಾರಿ.

ನೀನು ಗಾಡಿ ತಂದ ದಿನ ಪಟ್ಟಿಯಲ್ಲಿರೋ ಏನನ್ನೂ ಕೊಳ್ಳಬೇಡ. ಚೈನಿನ ಆಟ 25ರಿಂದ 30 ಮಿಮೀ ಇದೆಯಾ ನೋಡು, ಒಂದೇ ಕಡೆ ಅಳೆದು ಬಿಡಬೇಡ, ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ಅಳೆ. ಒಂದು ಕಡೆ ಬಿಗಿ, ಒಂದು ಕಡೆ ಜೋಲು ಅಂದರೆ ಚೈನು ಸ್ಪ್ರಾಕೆಟ್ ಸೆಟ್ಟೇ ಮುಗಿದಿದೆ. 500 ಕಿಲೋಮೀಟರಿಗೊಮ್ಮೆ 90 ನಂಬರ್ ಗೇರ್ ಆಯಿಲ್ ಹಚ್ಚು. ಎಂಜಿನ್ನಿಗೆ 20ಡಬ್ಲ್ಯು-50 ಆಯಿಲು, ಎರಡೂ ಪ್ಲಗ್ಗು, ಏರ್ ಫಿಲ್ಟರು ಹೊಸದು. ಆಮೇಲೆ ಸುಮ್ಮನೆ ಓಡಿಸು. ಮೈಸೂರಿಗೆ ಹೊರಟರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತೋಕೆ ಹೋಗಬೇಡ, 2023ರ ಆಗಸ್ಟ್‌ನಿಂದ ದ್ವಿಚಕ್ರಕ್ಕೆ ನಿಷೇಧ. ಸರ್ವಿಸ್ ರಸ್ತೆಯೇ ನಮ್ಮ ಪಾಲಿಗೆ. ಒಂದು ಸಾವಿರ ಕಿಲೋಮೀಟರ್ ಆದ ಮೇಲೂ ಪಟ್ಟಿಯಲ್ಲಿ ಏನಾದರೂ ಉಳಿದಿದ್ದರೆ ಕಳಿಸು, ಬೈತೀನಿ.

ಇನ್ನೊಂದು. ಶಾಕಪ್ ಮೆಟ್ಟಿಲು ತಿರುಗಿಸೋಕೆ ಸಿ ಸ್ಪ್ಯಾನರ್ ಬೇಕು. ನನ್ನದನ್ನ ಒಯ್ದವನು ನೀನು, ವಾಪಸ್ ಬಂದಿಲ್ಲ. ಮೇಲೆ ಅಷ್ಟುದ್ದ ಕೊರೆದೆನಲ್ಲ, ಅದನ್ನೆಲ್ಲ ಬಿಡು. ನನ್ನ ಗಾಡಿ ನಾಲ್ಕನೇ ಮೆಟ್ಟಿಲಲ್ಲೇ ಇರೋದಕ್ಕೆ ಅಧಿಕೃತ ಕಾರಣ ಇದು. ಕೊರಿಯರ್ ಮಾಡು, ದುಡ್ಡು ನನ್ನ ಹತ್ರ ವಸೂಲಿ ಮಾಡೋ ಟೂ-ಪೇ ಬೇಡ.

ನಿನ್ನ,
ಸರ್ವಿಸ್ ರಸ್ತೆಯ ಸಾಹುಕಾರ