ಶಿಗ್ಮೋ ಸ್ತಬ್ಧಚಿತ್ರದ ದೀಪಗಳಿಗೆ ಬ್ಯಾಟರಿ ಬೇಕು: ವಾಸ್ಕೋ ಕನ್ನಡಿಗರಲ್ಲಿ ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ದೇವರ ಅಲಂಕಾರಕ್ಕೆ, ಹೂವಿಗೆ, ಪ್ರಸಾದಕ್ಕೆ ಕೊಡಿ ಅಂದರೆ ನಮ್ಮ ಜನ ಹಿಂದೆ ಮುಂದೆ ನೋಡುವುದಿಲ್ಲ. ಮಕ್ಕಳ ವೇಷಕ್ಕೂ ಹಾಗೆಯೇ. ಬ್ಯಾಟರಿಗೆ ಅಂದರೆ ಮಾತ್ರ 'ನೋಡೋಣ' ಅನ್ನುತ್ತಾರೆ. ತಪ್ಪೇನಿಲ್ಲ ಬಿಡಿ, ಸ್ತಬ್ಧಚಿತ್ರದ ಲಾರಿಯ ಹಲಗೆ ಕೆಳಗೆ ಕೂರುವ ಡಬ್ಬ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಈ ಸಲ ನಮ್ಮ ದೇವಸ್ಥಾನದ ಟ್ರಸ್ಟ್ ಕೇಳುತ್ತಿರುವುದು ಅದನ್ನೇ.

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಪಣಜಿ, ಮಡಗಾಂವ್, ಫೋಂಡಾ, ಮಾಪ್ಸಾ, ನಮ್ಮ ವಾಸ್ಕೋ ಎಲ್ಲ ಕಡೆ ಗೋವಾದ ವಸಂತದ ಹಬ್ಬ ಶಿಗ್ಮೋ ಮೆರವಣಿಗೆ. ಗುಂಪಾಗಿ ಕುಣಿದು ಸಾಗುವ ರೊಂಟಾಮೇಳದ ಢೋಲ್-ತಾಶೆ, ಕುದುರೆ ವೇಷದ ಘೋಡೆಮೋಡ್ಣಿ ಕುಣಿತ, ಜತೆಗೆ ಸ್ತಬ್ಧಚಿತ್ರಗಳ ಸಾಲು. ಕತ್ತಲಾದ ಮೇಲೆಯೇ ಸ್ತಬ್ಧಚಿತ್ರಕ್ಕೆ ಕಳೆ. ದೀಪ ಆರಿದರೆ ಅದು ಬರೀ ಥರ್ಮಾಕೋಲು, ಬಣ್ಣದ ಬಟ್ಟೆ.

ಕಳೆದ ವರ್ಷ ನಮ್ಮದು ಭಗೀರಥ ಗಂಗೆಯನ್ನು ತಂದ ಕಥೆ. ಶಿವನ ಜಟೆಯಿಂದ ಕೆಳಗಿನವರೆಗೆ ಎಲ್‌ಇಡಿ ಸ್ಟ್ರಿಪ್ ಇಳಿಬಿಟ್ಟಿದ್ದೆವು. ಕರೆಂಟಿಗೆ ಬಾಡಿಗೆ ಜನರೇಟರ್. ಅದು ಶಿವನ ವೇಷದ ಹುಡುಗನ ಬೆನ್ನ ಹಿಂದೆಯೇ ಇತ್ತು. ಲಾರಿ ನಿಂತಾಗಲೆಲ್ಲ ಹೊಗೆ ಅವನ ಮುಖಕ್ಕೆ. ಪಾಪ, ನೀಲಿ ಬಣ್ಣ ಬಳಿದುಕೊಂಡು, ಕಣ್ಣು ಮುಚ್ಚಿ ಕೂತಲ್ಲೇ ಕೆಮ್ಮುತ್ತಿದ್ದ. ಹೆಣ್ಣುಮಕ್ಕಳ ಕೋಲಾಟದ ಪದ ಜನರೇಟರ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಡುವೆ ಪೆಟ್ರೋಲ್ ಬೇರೆ ಮುಗಿಯಿತು. ಬಿಸಿ ಎಂಜಿನ್‌ಗೆ ಪೆಟ್ರೋಲ್ ಸುರಿಯುವಂತಿಲ್ಲ, ಸುತ್ತಲೂ ಥರ್ಮಾಕೋಲ್ ಬೇರೆ. ಅದು ತಣ್ಣಗಾಗುವವರೆಗೆ ಕತ್ತಲಲ್ಲೇ ಸಾಗಿದೆವು.

ಇನ್ನೊಂದು ತಮಾಷೆ. ಜಟೆಯಲ್ಲಿ ಬೆಳ್ಳಗಿದ್ದ ಗಂಗೆ ಪಾದದ ಹತ್ತಿರ ಬರುವಷ್ಟರಲ್ಲಿ ಕೆಂಪಾಗಿದ್ದಳು! 12 ವೋಲ್ಟ್‌ನ ಬಣ್ಣದ ಸ್ಟ್ರಿಪ್‌ಗೆ ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ಉದ್ದಕ್ಕೂ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಮೊದಲು ನೀಲಿ, ಹಸಿರು ಮಂಕಾಗುತ್ತವೆ, ಕೆಂಪು ಉಳಿಯುತ್ತದೆ. ಎರಡೂ ತುದಿಯಿಂದ ದಪ್ಪ ತಾಮ್ರದ ವೈರ್ ಎಳೆದರೆ ಸರಿಹೋಗುತ್ತದೆ.

ಲಾರಿ ಬ್ಯಾಟರಿ ಇದೆಯಲ್ವಾ ಅಂತ ಕೆಲವರು ಕೇಳಿದರು. ದೊಡ್ಡ ಲಾರಿಯಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ನಮ್ಮ 12 ವೋಲ್ಟ್ ಸ್ಟ್ರಿಪ್‌ಗೆ ಅದರಲ್ಲಿ ಒಂದರಿಂದ ಮಾತ್ರ ಕರೆಂಟ್ ಎಳೆದರೆ ಎರಡರ ಸಮತೋಲನ ಕೆಡುತ್ತದೆ. ನಿಂತು ನಿಂತು ತೆವಳುವ ಲಾರಿಯಲ್ಲಿ ಚಾರ್ಜ್ ಆಗುವುದೂ ಕಮ್ಮಿ. ಕೊನೆಗೆ ಲಾರಿಯೇ ಸ್ಟಾರ್ಟ್ ಆಗದಿದ್ದರೆ ತಳ್ಳುವವರು ಯಾರು?

ಹಾಗಾಗಿ ಈ ಸಲ ಬೇರೆ ಲೆಕ್ಕ. 40 ಮೀಟರ್ ಸ್ಟ್ರಿಪ್, ಮೂರು ಫ್ಲಡ್‌ಲೈಟ್ ಸೇರಿ ಸುಮಾರು 350 ವ್ಯಾಟ್. ಆರು ಗಂಟೆ ಉರಿಸಲು 2,100 ವ್ಯಾಟ್-ಅವರ್ ಬೇಕು (1,000 ವ್ಯಾಟ್-ಅವರ್ ಅಂದರೆ ಒಂದು ಯೂನಿಟ್). 12.8 ವೋಲ್ಟ್, 100 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 2,560 ವ್ಯಾಟ್-ಅವರ್ ಸಿಗುತ್ತದೆ. ಮಾಮೂಲಿ ಆಸಿಡ್ ಬ್ಯಾಟರಿ ಅಗ್ಗ, ನಿಜ. ಆದರೆ ಅದನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಅಂದರೆ ನಾಲ್ಕು ಬೇಕು, ಒಂದೊಂದೂ 30 ಕೆಜಿ ಹತ್ತಿರ. ಲಿಥಿಯಂ ಎರಡೂ ಸೇರಿ ಅದರಲ್ಲಿ ಒಂದರಷ್ಟು ತೂಕವೂ ಇಲ್ಲ. ಪೂರ್ತಿ ಚಾರ್ಜ್‌ಗೆ 3 ಯೂನಿಟ್ ಕರೆಂಟ್ ಸಾಕು.

ಬ್ಯಾಟರಿ, ಚಾರ್ಜರ್, ವೈರ್, ಫ್ಯೂಸ್, ಹೊಸ ಸ್ಟ್ರಿಪ್ ಎಲ್ಲ ಸೇರಿ ಅಂದಾಜು ರೂ. 90,000. ದೊಡ್ಡ ಮೊತ್ತವೇ. ಆದರೆ ಇದು ಒಂದು ರಾತ್ರಿಗೆ ಸುಟ್ಟುಹೋಗುವ ಬಾಡಿಗೆಯಲ್ಲ. ಕಾರ್ತಿಕ ದೀಪೋತ್ಸವಕ್ಕೆ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಮಕ್ಕಳ ಸಂಜೆಯ ಕನ್ನಡ ಪಾಠಕ್ಕೆ ಇದೇ ಬ್ಯಾಟರಿ.

ಬೈನಾ, ಮಂಗೋರ್ ಹಿಲ್, ಸಡಾ, ಝುವಾರಿನಗರದ ಬಂಧುಗಳೇ, ಗದಗ, ಕೊಪ್ಪಳ, ವಿಜಯಪುರದಿಂದ ಇಲ್ಲಿ ದುಡಿಯಲು ಬಂದ ನಿಮ್ಮ ಕೈ ಎಷ್ಟು ಬಿಗಿಯಿದೆ ಅಂತ ನಮಗೆ ಗೊತ್ತು. ನೂರು ರೂಪಾಯಿ ಕೊಟ್ಟರೂ ರಸೀದಿ ಹರಿಯುತ್ತೇವೆ. ಖರ್ಚಿನ ಬಿಲ್ಲುಗಳನ್ನು ದೇವಸ್ಥಾನದ ಬೋರ್ಡಿಗೆ ಹಚ್ಚುತ್ತೇವೆ, ಯಾರು ಬೇಕಾದರೂ ನೋಡಬಹುದು. ಹಣವನ್ನು ದೇವಸ್ಥಾನದ ಕಚೇರಿಯಲ್ಲೇ ಕೊಡಿ. ಮನೆ ಮನೆಗೆ ಯಾರನ್ನೂ ಕಳಿಸುತ್ತಿಲ್ಲ, ನಮ್ಮ ಹೆಸರು ಹೇಳಿಕೊಂಡು ಬಂದರೆ ಕೊಡಬೇಡಿ.

ದುಡ್ಡು ಆಗದಿದ್ದರೆ ಬೇಜಾರು ಬೇಡ. ವೈರಿಂಗ್ ಗೊತ್ತಿರುವವರು ಭಾನುವಾರ ಬೆಳಿಗ್ಗೆ ದೇವಸ್ಥಾನದ ಹಿಂದಿನ ಶೆಡ್‌ಗೆ ಬನ್ನಿ. ಬೆಸುಗೆ ಹಾಕುವ ಕೆಲಸ ಬಹಳ ಇದೆ. ಮಲ್ಟಿಮೀಟರ್ ಇದ್ದರೆ ತನ್ನಿ, ನಮ್ಮದು ಕೆಟ್ಟಿದೆ.