ದೇವರು ಕೊಟ್ಟ ಸಂತೋಷಕ್ಕೆ ಅಳುಕು ಬೇಡ

ಬಲ್ಮಠ, ಮಂಗಳೂರು

ಕರ್ತನಲ್ಲಿ ಪ್ರೀತಿಯ ಮಗಳೇ,

ಉಡುಪಿಯಿಂದ ನೀನು ಬರೆದ ಕಾಗದ ತಲುಪಿತು. ರುಚಿಯಾದ ಊಟ, ಹೊಸ ಸೀರೆ, ಗೆಳತಿಯರೊಡನೆ ಮಲ್ಪೆಯ ಕಡಲ ತೀರದಲ್ಲಿ ಕಳೆದ ಸಂಜೆ, ಇವುಗಳಿಂದ ಮನಸ್ಸು ಹಿಗ್ಗಿದಾಗಲೆಲ್ಲ ಇದು ಲೌಕಿಕವಾಯಿತೇನೋ ಎಂಬ ಅಳುಕು ಕಾಡುತ್ತದೆ ಎಂದಿದ್ದೀಯೆ. ಆ ಅಳುಕು ದೇವರಿಂದ ಬಂದದ್ದೆಂದು ನಾನು ನಂಬುವುದಿಲ್ಲ.

ಯೋಹಾನನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದಾಗ ಯೇಸು ಆರು ಕಲ್ಲಿನ ಬಾನೆಗಳಿಗೆ ಕಂಠದವರೆಗೆ ನೀರು ತುಂಬಿಸಿದನು, ಆ ನೀರೇ ಒಳ್ಳೆಯ ದ್ರಾಕ್ಷಾರಸವಾಯಿತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 450ರಿಂದ 700 ಲೀಟರ್. ಅಲ್ಲಿ ರೋಗಿಯೊಬ್ಬನು ಗುಣವಾಗಲಿಲ್ಲ, ಸತ್ತವನೊಬ್ಬನು ಏಳಲಿಲ್ಲ. ಒಂದು ಮನೆಯ ಮದುವೆಯ ಸಂಭ್ರಮ ಕೆಡದೆ ಉಳಿಯಿತು, ಅಷ್ಟೇ. ಅದನ್ನೇ ಯೋಹಾನನು ಯೇಸುವಿನ ಮೊದಲ ಸೂಚಕಕಾರ್ಯ, ಅಂದರೆ ಮೊದಲ ಅದ್ಭುತವೆಂದು ಬರೆದಿಟ್ಟಿದ್ದಾನೆ.

ದೇವರು ಉಂಟುಮಾಡಿದ್ದೆಲ್ಲವೂ ಒಳ್ಳೆಯದು, ಕೃತಜ್ಞತೆಯಿಂದ ಸ್ವೀಕರಿಸಿದರೆ ಯಾವುದನ್ನೂ ತಳ್ಳಿಬಿಡಬೇಕಾಗಿಲ್ಲ ಎಂಬುದು ಅಪೊಸ್ತಲನಾದ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮಾತಿನ ತಾತ್ಪರ್ಯ. ಆದ್ದರಿಂದ ಊಟದ ಪ್ರಾರ್ಥನೆಯನ್ನು ಗಡಿಬಿಡಿಯಲ್ಲಿ ಮುಗಿಸಬೇಡ. ತಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿಯೂ ಬಂಗುಡೆ ಪುಳಿಮುಂಚಿಯೂ ಇದ್ದರೆ, ರಾತ್ರಿ ಬೋಟಿನಲ್ಲಿ ಹೋದವರನ್ನೂ, ಬುಟ್ಟಿ ಹೊತ್ತು ಬಾಗಿಲಿಗೆ ಬಂದ ಮೀನಿನ ಹೆಂಗಸನ್ನೂ, ಮಸಾಲೆ ಅರೆದ ಕೈಯನ್ನೂ ನೆನೆದು ಸ್ತೋತ್ರ ಹೇಳು. ಆಮೇಲೆ ಬೆರಳಿಗೆ ಅಂಟಿದ ಹುಳಿಖಾರವನ್ನೂ ಬಿಡದೆ ಸವಿದು ಉಣ್ಣು. ಸ್ತೋತ್ರ ಹೇಳಿದ ಬಾಯಿಯೇ ಸವಿಯುವ ಬಾಯಿಯೂ ಆಗಿರುವಾಗ ಅಲ್ಲಿ ಲೌಕಿಕವೆಂಬುದಕ್ಕೆ ಎಡೆಯೆಲ್ಲಿದೆ?

ದುಡಿಮೆಯೂ ಹಾಗೆಯೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಇಲ್ಲಿ ದೇವಾಲಯ, ಶಾಲೆಗಳ ಜೊತೆಗೆ ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ನಡೆಸಿತು. ಮಗ್ಗದ ಮುಂದೆ ಕೂತ ನಮ್ಮ ಹಿರಿಯರು ಆರಾಧನೆ ಬೇರೆ, ಕೆಲಸ ಬೇರೆ ಎಂದು ಗೆರೆ ಎಳೆದವರಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಪಿಂಚಣಿಗೆ ಬಂದ ಮುದುಕರೊಬ್ಬರಿಗೆ ಚಲನ್ ತುಂಬಿಕೊಟ್ಟು ನಿನಗೆ ಹಗುರವೆನಿಸಿದರೆ ಅದೂ ದೇವರ ವರವೇ.

ನಮ್ಮ ಸಭೆಯ ಬೆಳೆ ಹಬ್ಬವನ್ನು ನೀನು ಚಿಕ್ಕಂದಿನಿಂದ ನೋಡಿದವಳು. ಆರಾಧನೆ ಮುಗಿದ ಮೇಲೆ, ಸಭೆಯವರು ತಂದೊಪ್ಪಿಸಿದ ಬೆಳೆಯ ಏಲಂನಲ್ಲಿ ಒಂದು ಕಟ್ಟು ಬಸಳೆಗೆ ಪೇಟೆಯ ದರದ ಹಲವು ಪಟ್ಟು ಕೂಗಿ, ನಗುತ್ತಾ ಹೊತ್ತುಕೊಂಡು ಹೋಗುವವರ ಮುಖದಲ್ಲಿರುವ ಸಂತೋಷಕ್ಕೂ ಒಳಗೆ ಹಾಡಿದ ಕೀರ್ತನೆಗೂ ನನಗೆ ಭೇದ ಕಾಣುವುದಿಲ್ಲ.

ದುಃಖ ಬಂದಾಗ ನಗುವನ್ನು ನಟಿಸು ಎಂದು ನಾನು ಹೇಳುತ್ತಿಲ್ಲ. ಕೀರ್ತನೆಗಳ ಪುಸ್ತಕದಲ್ಲಿ ಕಣ್ಣೀರಿಗೂ ಸ್ಥಳವುಂಟು. ಆದರೂ ಕರ್ತನಲ್ಲಿ ಸಂತೋಷಿಸಿರಿ ಎಂದು ಪೌಲನು ಫಿಲಿಪ್ಪಿಯ ಸಭೆಯವರಿಗೆ ಬರೆದದ್ದು ಸೆರೆಯಲ್ಲಿದ್ದಾಗ ಎಂಬುದನ್ನು ಮರೆಯಬೇಡ.

ಸುಖವು ನಿನ್ನೊಬ್ಬಳಿಗೇ ಸಾಕೆನಿಸಿದಾಗ ಮಾತ್ರ ಎಚ್ಚರವಿರಲಿ. ಹಳೆಯ ಒಡಂಬಡಿಕೆಯಲ್ಲಿ ನೆಹೆಮೀಯನ ಕಾಲದಲ್ಲಿ ಜನರು ಧರ್ಮಶಾಸ್ತ್ರ ಕೇಳಿ ಅತ್ತಾಗ, ಅಳಬೇಡಿರಿ, ಮೃಷ್ಟಾನ್ನ ಉಣ್ಣಿರಿ, ಏನೂ ಇಲ್ಲದವರಿಗೂ ಪಾಲು ಕಳುಹಿಸಿರಿ ಎಂಬ ಅಪ್ಪಣೆಯಾಯಿತು. ಕೆಳಗಿನ ಮನೆಯಲ್ಲಿ ಒಂಟಿಯಾಗಿರುವ ನಿವೃತ್ತ ಟೀಚರಮ್ಮನ ವಿಷಯ ಬರೆದಿದ್ದೆಯಲ್ಲ, ಬರುವ ಭಾನುವಾರ ಅವರನ್ನು ಊಟಕ್ಕೆ ಕರೆ. ಅವರು ಮೀನು ಮಾಂಸ ಮುಟ್ಟದವರಾದರೆ ಪತ್ರೊಡೆ ಮಾಡು. ದೊಡ್ಡಮ್ಮನಿಗೆ ಫೋನ್ ಮಾಡಿದರೆ ಅಕ್ಕಿಗೆ ಹುಳಿ ಎಷ್ಟೆಂದು ಹೇಳುತ್ತಾಳೆ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ